ಭರಣಿಯಲ್ಲಿ ಧಾರಾಳ, ಕಾಡಿನಲ್ಲಿ ಅಪರೂಪ: ಮಾಕಳಿ ಬೇರು

ಮಾಕಳಿ ಬೇರಿನ ಉಪ್ಪಿನಕಾಯಿ ತಿಂದವರು ನಮ್ಮ ಕಾಲೇಜಿನಲ್ಲಿ ಬಹಳ ಮಂದಿ ಇದ್ದಾರೆ. ಆ ಗಿಡವನ್ನು ನೋಡಿದವರು ಯಾರು ಎಂದು ನಮ್ಮ ತರಗತಿಯಲ್ಲಿ ಕೇಳಿದೆ. ಒಂದು ಕೈಯೂ ಮೇಲೇಳಲಿಲ್ಲ. ಮಾರುಕಟ್ಟೆಯಲ್ಲಿ ರಾಶಿ ಹಾಕಿ ಮಾರುವುದನ್ನು ನೋಡಿದರೆ ಮೂಲಂಗಿಯ ಹಾಗೆ ಎಲ್ಲೋ ಹೊಲದಲ್ಲಿ ಬೆಳೆಯುತ್ತಾರೆ ಎಂದು ಅನ್ನಿಸುವುದು ಸಹಜ. ಮಾರುತ್ತಿದ್ದ ಅಜ್ಜಿಯನ್ನು "ಇದು ಯಾವ ಕಡೆ ತೋಟದ್ದು ಅಜ್ಜಿ?" ಎಂದು ಕೇಳಿದೆ. "ತೋಟದ್ದೆಲ್ಲಿ ಬಂತಪ್ಪ, ಕಾಡಿಂದ ಅಗೆದು ತರೋದು" ಎಂದರು.

ಇದರ ವೈಜ್ಞಾನಿಕ ಹೆಸರು ಡೆಕಾಲೆಪಿಸ್ ಹ್ಯಾಮಿಲ್ಟೋನಿ. 1834ರಲ್ಲಿ ರಾಬರ್ಟ್ ವೈಟ್ ಮತ್ತು ವಾಕರ್-ಆರ್ನಾಟ್ ಎಂಬ ಸಸ್ಯವಿಜ್ಞಾನಿಗಳು ಇಟ್ಟದ್ದು. ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇದು ತಾನಾಗಿ ಬೆಳೆಯುವುದಿಲ್ಲ. ಬಿಳಿಗಿರಿರಂಗನ ಬೆಟ್ಟ, ಸಾವನದುರ್ಗದಂಥ ಕಡೆಗಳ ಒಣ ಇಳಿಜಾರು, ಬಂಡೆಗಳ ಸಂದು, ಕುರುಚಲು ಕಾಡು ಇದರ ಮನೆ. ಆಸರೆ ಸಿಕ್ಕರೆ ಬಳ್ಳಿಯಾಗಿ ಹಬ್ಬುತ್ತದೆ, ಸಿಗದಿದ್ದರೆ ಕಲ್ಲುಗಳ ನಡುವೆ ಪೊದೆಯಂತೆ ಹರಡಿಕೊಳ್ಳುತ್ತದೆ. ಎಕ್ಕದ ಬಳಗದ್ದಾದ್ದರಿಂದ ಮುರಿದರೆ ಹಾಲು ಬರುತ್ತದೆ. ಹೂವು ಬಹಳ ಸಣ್ಣದು, ಮಾಸಲು ಬಿಳಿ. ಯಾರೂ ನಿಂತು ನೋಡುವಂಥದ್ದಲ್ಲ. ಕಾಯಿಗಳು ಜೋಡಿಯಾಗಿ ಬಿಡುತ್ತವೆ. ಒಣಗಿ ಸೀಳಿದಾಗ ರೇಷ್ಮೆಯಂಥ ಕೂದಲಿರುವ ಬೀಜಗಳು ಗಾಳಿಯಲ್ಲಿ ಹಾರಿಹೋಗುತ್ತವೆ.

ಮಳೆ ಕಡಿಮೆ, ಮಣ್ಣು ತೆಳು. ಅಂಥ ಜಾಗದಲ್ಲಿ ಬದುಕಲು ಗಿಡ ತನ್ನ ನೀರು, ಆಹಾರವನ್ನೆಲ್ಲ ನೆಲದೊಳಗೆ ದಪ್ಪ ಬೇರುಗಳಲ್ಲಿ ಕೂಡಿಡುತ್ತದೆ. ನಾವು ಸಿಪ್ಪೆ ಹೆರೆದು, ನಡುವಿನ ನಾರು ತೆಗೆದು, ಮಜ್ಜಿಗೆಗೋ ನಿಂಬೆರಸಕ್ಕೋ ಹಾಕುವುದು ಆ ಉಳಿತಾಯವನ್ನೇ.

ವಾಸನೆಯ ವಿಷಯಕ್ಕೆ ಬಂದರೆ ನಮ್ಮ ಮನೆಯಲ್ಲೇ ಎರಡು ಪಕ್ಷ. ಅಮ್ಮಿಗೆ ಅದು ಪರಿಮಳ, ತಮ್ಮನಿಗೆ ತಿಗಣೆ ವಾಸನೆ! ಕಾರಣ 2-ಹೈಡ್ರಾಕ್ಸಿ-4-ಮೆಥಾಕ್ಸಿ ಬೆಂಜಾಲ್ಡಿಹೈಡ್. ಐಸ್‌ಕ್ರೀಮಿನ ವೆನಿಲಿನ್‌ಗೆ ಇದು ಐಸೋಮರ್: ಎರಡರಲ್ಲೂ 8 ಇಂಗಾಲ, 8 ಜಲಜನಕ, 3 ಆಮ್ಲಜನಕ. ಗುಂಪುಗಳು ಬೆಂಜೀನ್ ಉಂಗುರದಲ್ಲಿ ಕೂತ ಜಾಗ ಮಾತ್ರ ಬೇರೆ. ಐಸೋಮರ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಧಾನ್ಯಕ್ಕೆ ಬೀಳುವ ಹುಳುಗಳನ್ನು ಈ ಬೇರು ತಡೆಯುತ್ತದೆ ಎಂದು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1999ರಲ್ಲಿ ಪ್ರಕಟಿಸಿದ್ದಾರೆ.

ಇನ್ನು ತೊಂದರೆ ಎಲ್ಲಿದೆ? ನೆಲ್ಲಿಕಾಯಿ ಕಿತ್ತರೆ ಮರ ಉಳಿಯುತ್ತದೆ, ಮುಂದಿನ ವರ್ಷ ಮತ್ತೆ ಕಾಯಿ ಬಿಡುತ್ತದೆ. ಮಾಕಳಿಯಲ್ಲಿ ಮಾರುವ ವಸ್ತುವೇ ಬೇರು. ಬುಡಸಮೇತ ಅಗೆದರೆ ಗಿಡವೂ ಹೋಯಿತು, ಅದು ಬಿಡಬೇಕಿದ್ದ ಬೀಜವೂ ಹೋಯಿತು. ಬಿದ್ದ ಬೀಜಗಳು ಮೊಳೆಯುವ ಪ್ರಮಾಣವೂ ಕಡಿಮೆ. ಹೀಗಾಗಿ ಇದರ ಹೆಸರು ಅಳಿವಿನ ಅಪಾಯದಲ್ಲಿರುವ ಸಸ್ಯಗಳ ಸಾಲಿಗೆ ಸೇರಿದೆ. ಬೇಡಿಕೆ ಉಪ್ಪಿನಕಾಯಿಗೆ ಮಾತ್ರವಲ್ಲ. ಇಫ್ತಾರ್‌ಗೆ ನಾವು ಕುಡಿಯುವ ನನ್ನಾರಿ ಶರಬತ್ತನ್ನು ಸೊಗದೆ ಬೇರಿನಿಂದ ಮಾಡಬೇಕು. ಸೊಗದೆಯಲ್ಲೂ ಇದೇ ಪರಿಮಳದ ವಸ್ತು ಇರುವುದರಿಂದ ಅದರ ಬದಲಿಗೆ ಮಾಕಳಿಯನ್ನು ಬಳಸುವುದುಂಟು.

ಉಪ್ಪಿನಕಾಯಿ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ಅಮ್ಮಿ ಕೇಳುವುದಿಲ್ಲ. ಅಗೆಯುವವರು ಒಂದೆರಡು ಬೇರು ಬಿಟ್ಟು ಮಣ್ಣು ಮುಚ್ಚಿದರೆ ಗಿಡ ಮತ್ತೆ ಚಿಗುರಬಹುದು. ಅದಕ್ಕಿಂತ ಗಟ್ಟಿಯಾದ ದಾರಿ ಕೃಷಿ. ಅಂಗಾಂಶ ಕೃಷಿಯಿಂದ ಸಸಿ ಮಾಡುವ ವಿಧಾನವನ್ನು ಸಿಎಫ್‌ಟಿಆರ್‌ಐನಲ್ಲೇ ರೂಪಿಸಿದ್ದಾರೆ. ಆದರೆ ದಪ್ಪ ಬೇರು ಬಲಿಯಲು ವರ್ಷಗಳು ಬೇಕು, ಕಾಡಿನಲ್ಲಿ ಅಗೆಯಲು ಒಂದು ಮಧ್ಯಾಹ್ನ ಸಾಕು. ರೈತರು ಯಾಕೆ ಹಿಂಜರಿಯುತ್ತಾರೆ ಎಂಬುದು ಇದರಲ್ಲೇ ತಿಳಿಯುತ್ತದೆ.

ಜೀವಶಾಸ್ತ್ರ ಪ್ರಯೋಗಾಲಯದ ಹಿಂದಿನ ಕಲ್ಲುನೆಲದಲ್ಲಿ ನೆಡಲು ಎರಡು ಸಸಿ ತರಿಸಿಕೊಡಿ ಎಂದು ನಾವು ಕೆಲವರು ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟಿದ್ದೇವೆ. ಕುಂಡ ಬೇಡ ಎಂದೂ ಬರೆದಿದ್ದೇವೆ, ಬೇರಿಗೆ ಆಳ ಬೇಕು.