ಜಂಬು: ಹಿಮಾಲಯದ ಕಾಡು ಈರುಳ್ಳಿ ಮತ್ತು ನಾವು ಮರೆಯಬಾರದ ಒಂದು ಎಚ್ಚರಿಕೆ



ದೆಹಲಿಯಲ್ಲಿರುವವರೇ, ಉತ್ತರಾಖಂಡದ ನೆರೆಮನೆಯವರು ಬೇಳೆಯ ಒಗ್ಗರಣೆಗೆ ಒಣಹುಲ್ಲಿನಂಥ ಎಳೆಗಳನ್ನು ಹಾಕುವುದನ್ನು ನೋಡಿದ್ದೀರಾ? ಬಿಸಿ ತುಪ್ಪಕ್ಕೆ ಬಿದ್ದ ಕೂಡಲೇ ಈರುಳ್ಳಿ, ಬೆಳ್ಳುಳ್ಳಿ ಎರಡೂ ಸೇರಿದಂಥ ಘಮ ಬರುತ್ತದೆ. ಅದೇ ಜಂಬು. ಗಢವಾಲದ ಕಡೆ ಫರಣ್ ಅನ್ನುತ್ತಾರೆ. ನಮ್ಮ ಜಂಬುನೇರಳೆಗೂ ಇದಕ್ಕೂ ಸಂಬಂಧವಿಲ್ಲ.

*ಕಾಡಿನಿಂದ ಹಿತ್ತಲಿಗೆ*
ಎತ್ತರದ ಹಿಮಾಲಯದಲ್ಲಿ ಬೆಳೆಯುವ ಈ ಗಿಡದ ಸಸ್ಯಶಾಸ್ತ್ರದ ಹೆಸರು ಅಲಿಯಂ ಸ್ಟ್ರಾಚೆಯಿ. ಈರುಳ್ಳಿಯದೇ ಕುಲ. ಜಂಬು ಎಂಬ ಹೆಸರಿನಲ್ಲಿ ಇದರ ಸೋದರ ಜಾತಿಗಳೂ ಮಾರಾಟವಾಗುತ್ತವೆ.

ನಾವು ತಿನ್ನುವ ಈರುಳ್ಳಿ ಮಧ್ಯ ಏಷ್ಯಾ ಕಡೆಯದು. ಸಾವಿರಾರು ವರ್ಷಗಳಿಂದ ದಪ್ಪ ಗಡ್ಡೆಯ ಗಿಡಗಳನ್ನೇ ಆರಿಸಿ ಬೆಳೆದದ್ದರಿಂದ ಅದು ಹೀಗಾಗಿದೆ. ಜಂಬುವಿನಲ್ಲಿ ಬೇಕಾದದ್ದು ಎಲೆ ಮತ್ತು ಹೂವು. ಉತ್ತರಾಖಂಡದ ಭೋಟಿಯಾ ಜನ ಇದನ್ನು ಮನೆ ಹಿತ್ತಲಿನಲ್ಲೂ ಬೆಳೆಯುತ್ತಾರೆ. ಎಲೆ ಕೊಯ್ದು ಗಡ್ಡೆ ಬಿಟ್ಟರೆ ಮತ್ತೆ ಚಿಗುರುತ್ತದೆ.

*ಕಾಡಿನ ಗಿಡ ಏಕೆ ಉಳಿಯಬೇಕು?*
ಗಡ್ಡೆ ಬಿಡಿಸಿ ನೆಟ್ಟರೆ ಬರುವುದು ತಾಯಿಗಿಡದ ಗುಣವೇ. ಬೀಜದಿಂದ ಹುಟ್ಟಿದ ಗಿಡಗಳಲ್ಲಿ ಮಾತ್ರ ವ್ಯತ್ಯಾಸ ಕಾಣುತ್ತದೆ: ಒಂದಕ್ಕೆ ಎಲೆ ಹೆಚ್ಚು, ಇನ್ನೊಂದಕ್ಕೆ ಘಮ ಹೆಚ್ಚು. ಒಳ್ಳೆಯ ತಳಿ ಆರಿಸಿಕೊಳ್ಳಲು ಈ ವ್ಯತ್ಯಾಸವೇ ಬಂಡವಾಳ. ಮಾರಾಟಕ್ಕೆಂದು ಗಡ್ಡೆ ಸಮೇತ ಕಿತ್ತರೆ ಆ ಬಂಡವಾಳವೇ ಹೋಗುತ್ತದೆ. ಆದ್ದರಿಂದ ಕೊಳ್ಳುವಾಗ ಹಿತ್ತಲಿನಲ್ಲಿ ಬೆಳೆದದ್ದೇ ಎಂದು ಕೇಳಿ ಕೊಳ್ಳಿ.

*ಬಳಸುವ ಬಗೆ*
✅ ಕುಮಾವೂನಿನವರ ಗಹತ್ ಅಂದರೆ ನಮ್ಮ ಹುರುಳಿಯೇ. ಹುರುಳಿ ಸಾರಿಗೆ ಜಂಬು ಒಗ್ಗರಣೆ ಚೆನ್ನಾಗಿ ಹೊಂದುತ್ತದೆ.
✅ ತುಪ್ಪ ಕಾದ ಮೇಲೆ ಒಲೆ ಆರಿಸಿ, ಒಂದು ಚಿಟಿಕೆ ಹಾಕಿ, ಕೂಡಲೇ ಸಾರಿಗೆ ಸುರಿಯಿರಿ. ಸೀದರೆ ಕಹಿ.
✅ ಈರುಳ್ಳಿ, ಬೆಳ್ಳುಳ್ಳಿ ಅಲರ್ಜಿ ಇರುವವರು ಬಳಸಬೇಡಿ.
✅ ಇದು ರುಚಿಗೆ, ಔಷಧಿಗೆ ಬದಲಿ ಅಲ್ಲ. ಬಿಪಿ, ಶುಗರ್ ಮಾತ್ರೆ ನಿಲ್ಲಿಸಬೇಡಿ.

*⚠️ ದಯವಿಟ್ಟು ಗಮನಿಸಿ*
ಕರ್ನಾಟಕದಲ್ಲಿ "ಕಾಡು ಈರುಳ್ಳಿ" ಎಂದು ಕರೆಯುವ ಗಿಡವೇ ಬೇರೆ. ಅದು ಡ್ರಿಮಿಯಾ ಇಂಡಿಕಾ. ಗಡ್ಡೆ ನೋಡಲು ಈರುಳ್ಳಿಯಂತೆಯೇ ಇದ್ದರೂ ಅದು *ವಿಷ*. ತಿಂದರೆ ವಾಂತಿ, ಭೇದಿ ಆಗಬಹುದು, ಹೃದಯದ ಬಡಿತವೇ ಏರುಪೇರಾಗಬಹುದು. ರಜೆಗೆ ಊರಿಗೆ ಹೋದಾಗ ಹೊಲದ ಬದುವಿನಲ್ಲಿ ಕಂಡದ್ದನ್ನು ಜಂಬು ಎಂದುಕೊಂಡು ಅಡುಗೆಗೆ ತರಬೇಡಿ. ಮಕ್ಕಳಿಗೂ ಹೇಳಿಡಿ. ಯಾರಾದರೂ ತಿಂದಿದ್ದರೆ ಮನೆಮದ್ದು ಮಾಡುತ್ತ ಕೂರದೆ, ಆ ಗಡ್ಡೆಯನ್ನೂ ತೆಗೆದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ.

ಹೆಸರು ಒಂದೇ ಆದ ಮಾತ್ರಕ್ಕೆ ಗಿಡ ಒಂದೇ ಅಲ್ಲ. ಊರಲ್ಲಿರುವ ಅಪ್ಪ ಅಮ್ಮನಿಗೂ, ಬಂಧು ಮಿತ್ರರಿಗೂ ಇದನ್ನು ಕಳುಹಿಸಿ.