ತಗಡೂರಿನಿಂದ ಹಿಮದ ಇಳಿಜಾರಿಗೆ

ತಗಡೂರಿನ ಕಡೆಯ ಕುಟುಂಬವೊಂದು ಮಕ್ಕಳನ್ನು ಕಟ್ಟಿಕೊಂಡು ಸ್ಕೀಯಿಂಗ್ ಕಲಿಯಲು ಹೊರಟರೆ, ಮೊದಲು ಕೇಳಬೇಕಾದದ್ದು ಬೆಟ್ಟ ಎಷ್ಟು ಎತ್ತರ ಅಂತಲ್ಲ, ಇಳಿಜಾರು ಎಷ್ಟು ಮೆತ್ತಗಿದೆ ಅಂತ. ಕಾಶ್ಮೀರದ ಗುಲ್ಮಾರ್ಗ್‌ನ ಗೊಂಡೊಲಾ ಕೇಬಲ್ ಕಾರು 3,900 ಮೀಟರ್ ದಾಟಿ ಏರುತ್ತದೆ, ನಿಜ. ಆದರೆ ಹೊಸಬರು ಕಲಿಯುವುದು ಕೆಳಗಿನ ಹುಲ್ಲುಗಾವಲಿನಲ್ಲೇ. ಮೊದಲ ಪಾಠ ಓಡುವುದಲ್ಲ, ನಿಲ್ಲುವುದು: ಕಾಲಿಗೆ ಕಟ್ಟಿದ ಸ್ಕೀ ಪಟ್ಟಿಗಳ ಮುಂತುದಿ ಹತ್ತಿರ ತಂದು ಹಿಂತುದಿ ಅಗಲಿಸಿದರೆ, ಒಳಅಂಚು ಹಿಮವನ್ನು ಕೆರೆದು ವೇಗ ತಗ್ಗುತ್ತದೆ. ಇದು ಕಾಲಿಗೆ ರೂಢಿಯಾಗಲು ಗದ್ದಲವಿಲ್ಲದ ಜಾಗ ಬೇಕು. ಬಿದ್ದಾಗ ಹಿಂದಿನವರು ಮೈಮೇಲೆ ಬರಬಾರದು. ಮಕ್ಕಳಿರುವವರು ಆಲ್ಪ್ಸ್‌ನ ಸಣ್ಣ ಹಳ್ಳಿಗಳನ್ನು ಹುಡುಕಿ ಹೋಗುವುದೂ ಇದಕ್ಕೇ. ನಮ್ಮಲ್ಲಿ ಉತ್ತರಾಖಂಡದ ಔಲಿಯಲ್ಲೂ ಹೊಸಬರಿಗೆ ತರಬೇತಿ ಸಿಗುತ್ತದೆ.

ಹಿಮವೇ ಕಾಣದ ನಮಗೇಕೆ ಇದು ಅನ್ನಬಹುದು. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ನಾಡಿನಲ್ಲೂ ಹಿಮವಿಲ್ಲ. ಆದರೂ ಅವರು ಚಿಲಿಯಲ್ಲಿ ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಕಂಚು ಗೆದ್ದರು. ನಿಜವಾಗಿ ಗಟ್ಟಿ ಆಕ್ಷೇಪಣೆ ಇರುವುದು ಕ್ಯಾಲೆಂಡರಿನಲ್ಲಿ: ಶಾಲೆಯ ದೊಡ್ಡ ರಜೆ ಏಪ್ರಿಲ್–ಮೇನಲ್ಲಿ, ಒಳ್ಳೆಯ ಹಿಮ ಜನವರಿ–ಫೆಬ್ರವರಿಯಲ್ಲಿ. ಅದೂ ಖಾತ್ರಿಯಿಲ್ಲ; 2024ರ ಜನವರಿಯಲ್ಲಿ ಗುಲ್ಮಾರ್ಗ್ ಬಹುಪಾಲು ಬೋಳಾಗಿತ್ತು. ಹಾಗಾಗಿ ಒಂದು ವಾರ ಶಾಲೆ ತಪ್ಪಿಸಲು, ದಿನಾಂಕ ಬದಲಿಸಲು ಒಪ್ಪುವವರಿಗೇ ಈ ಪ್ರವಾಸ. ಇನ್ನೊಂದು ಮಾತು: ತಗಡೂರು ಖಾದಿಗೆ ಹೆಸರಾದ ಊರು, ಆದರೆ ಹಿಮದಲ್ಲಿ ಹತ್ತಿಬಟ್ಟೆ ಮೈಗೆ ತಾಗಬಾರದು. ಒದ್ದೆಯಾದರೆ ಅದು ಬೇಗ ಒಣಗದು. ಒಳಗೆ ಉಣ್ಣೆಯೇ ಇರಲಿ.