ಸಂತೆಯ ಕುಂಬಳ, ಹಿತ್ತಲ ಬಳ್ಳಿ

ಸಿಹಿಗುಂಬಳವನ್ನು ಹೋಳು ಮಾಡುವಾಗ ತಿರುಳಿನೊಡನೆ ಬೀಜಗಳನ್ನೂ ಬಾಚಿ ತಿಪ್ಪೆಗೆ ಎಸೆಯುವುದು ನಮ್ಮ ಅನೇಕ ಮನೆಗಳ ರೂಢಿ. ಮಳೆ ಬಿದ್ದೊಡನೆ ಅದೇ ತಿಪ್ಪೆಯಲ್ಲಿ ಬಳ್ಳಿಯೊಂದು ತಾನಾಗಿ ಎದ್ದು ಬೇಲಿಯ ಮೇಲೆ ಹಬ್ಬುತ್ತದೆ. ಹಾಗಾದರೆ ಸಂತೆಯಿಂದ ತಂದ ಕಾಯಿಯ ಬೀಜವನ್ನು ಬೇಕೆಂದೇ ಬಿತ್ತಿ ಬೆಳೆಯಬಹುದೇ? ಬೆಳೆದದ್ದನ್ನು ನಿಶ್ಚಿಂತೆಯಿಂದ ಉಣ್ಣಬಹುದೇ? ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದು ಆರೋಗ್ಯದ ಮಾತಾದುದರಿಂದ ತುಸು ವಿವರಿಸಿ ಹೇಳಬೇಕಾಗಿದೆ.

ಎಲ್ಲ ಕಾಯಿಗಳ ಬೀಜವೂ ಮೊಳೆಯುವುದಿಲ್ಲ. ಸೋರೆ, ಹೀರೆ, ಪಡವಲಗಳನ್ನು ನಾವು ಎಳೆಯದಾಗಿರುವಾಗಲೇ ಕೊಳ್ಳುತ್ತೇವೆ. ಅವುಗಳ ಬೀಜ ಇನ್ನೂ ಬಲಿತಿರುವುದಿಲ್ಲ. ಸಿಹಿಗುಂಬಳ ಮತ್ತು ಬೂದುಗುಂಬಳಗಳು ಬಹುಮಟ್ಟಿಗೆ ಬಲಿತ ಮೇಲೆಯೇ ಮಾರಾಟಕ್ಕೆ ಬರುವುದರಿಂದ ಅವುಗಳ ಬೀಜ ಬಿತ್ತನೆಗೆ ಒದಗುತ್ತದೆ. ಸೀಮೆಬದನೆಯದು ಬೇರೆಯೇ ಬಗೆ. ಹೆಸರಿನಲ್ಲಿ ಬದನೆಯಾದರೂ ಅದು ಕುಂಬಳದ ಬಳಗದ್ದು. ಅದರೊಳಗಿನ ಒಂದೇ ಬೀಜ ಕಾಯಿಯಲ್ಲಿಯೇ ಮೊಳೆಯುವುದರಿಂದ ಇಡೀ ಕಾಯಿಯನ್ನು ನೆಡಬೇಕು.

ಉಗುರು ಊರಿದರೂ ಇಳಿಯದಷ್ಟು ಗಟ್ಟಿ ಸಿಪ್ಪೆಯ, ತೊಟ್ಟು ಒಣಗಿದ ಕಾಯಿಯನ್ನು ಆರಿಸಿಕೊಳ್ಳಬೇಕು. ತಂದೊಡನೆ ಕೊಯ್ಯದೆ ಎರಡು ಮೂರು ವಾರ ನೆರಳಿನಲ್ಲಿಟ್ಟರೆ ಒಳಗಿನ ಬೀಜ ಇನ್ನಷ್ಟು ಬಲಿಯುತ್ತದೆ. ಬೀಜಗಳನ್ನು ನೀರಿನಲ್ಲಿ ಉಜ್ಜಿ ತೊಳೆದು, ತೇಲುವ ಜಳ್ಳನ್ನು ತೆಗೆದು, ಉಳಿದವನ್ನು ಮೊರದಲ್ಲಿ ಹರಡಿ ನೆರಳಿನಲ್ಲಿ ಒಣಗಿಸಬೇಕು. ಬಾಗಿಸಿದರೆ ಬಳುಕದೆ ಟಕ್ಕನೆ ಮುರಿಯುವ ಬೀಜ ಸರಿಯಾಗಿ ಒಣಗಿದೆ ಎಂದರ್ಥ. ಬಿತ್ತುವಾಗ ಚೆನ್ನಾಗಿ ಕಳಿತ ಗೊಬ್ಬರ ತುಂಬಿದ ಗುಣಿಗೆ ಮೂರು ನಾಲ್ಕು ಬೀಜಗಳನ್ನು ಒಂದು ಅಂಗುಲ ಆಳಕ್ಕೆ ಊರಿ, ಮೊಳೆತ ಮೇಲೆ ಬಲವಾದ ಎರಡನ್ನು ಮಾತ್ರ ಉಳಿಸಿಕೊಂಡರೆ ಸಾಕು. ಗುಣಿಯಿಂದ ಗುಣಿಗೆ ಆರೇಳು ಅಡಿ ಅಂತರವಿರಲಿ. ಮೊದಲು ಅರಳಿ ಉದುರುವ ಹೂಗಳು ಗಂಡುಹೂಗಳು. ಅವನ್ನು ಕಂಡು ಗಾಬರಿಪಡಬೇಕಾಗಿಲ್ಲ.

ಇನ್ನು ಎರಡನೆಯ ಪ್ರಶ್ನೆ. ಇಂದು ಮಾರುಕಟ್ಟೆಗೆ ಬರುವ ಕಾಯಿಗಳಲ್ಲಿ ಹಲವು ಹೈಬ್ರಿಡ್ ತಳಿಗಳವು. ಅವುಗಳ ಬೀಜದಿಂದ ಹುಟ್ಟಿದ ಬಳ್ಳಿಗಳು ತಾಯಿಯಂತೆಯೇ ಇರುವುದಿಲ್ಲ. ಒಂದರ ಕಾಯಿ ಉರುಟು, ಇನ್ನೊಂದರದು ಉದ್ದ, ಮತ್ತೊಂದರದು ಸಪ್ಪೆ. ಇದರಿಂದ ಹೊಟ್ಟೆಗೆ ಕೇಡಿಲ್ಲ. ಕೇಡು ಬರುವುದು ಕಹಿಯಿಂದ. ಕುಂಬಳದ ಕುಲದ ಕಾಡುಸಸ್ಯಗಳು ಪ್ರಾಣಿಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಕುಕುರ್ಬಿಟಾಸಿನ್ ಎಂಬ ಕಹಿವಿಷವನ್ನು ತುಂಬಿಕೊಂಡಿರುತ್ತವೆ. ಮನುಷ್ಯನು ತಲೆತಲಾಂತರದಿಂದ ಕಹಿಯಿಲ್ಲದ ಬಳ್ಳಿಗಳನ್ನೇ ಆರಿಸುತ್ತ ಬಂದುದರಿಂದ ನಮ್ಮ ಅಡುಗೆಯ ಕಾಯಿಗಳು ಸಿಹಿಯಾಗಿವೆ. ಆದರೆ ಜೇನುನೊಣಕ್ಕೆ ಈ ಭೇದ ತಿಳಿಯದು. ಊಟದ ಸೋರೆ ಮತ್ತು ಬುರುಡೆಗಾಗಿ ಬೆಳೆಯುವ ಕಹಿಸೋರೆ ಒಂದೇ ಜಾತಿಯವು. ಅವೆರಡರ ಪರಾಗ ಬೆರೆತರೆ ಆ ವರ್ಷದ ಕಾಯಿ ಎಂದಿನಂತೆ ಸಿಹಿಯಾಗಿಯೇ ಇರುತ್ತದೆ. ಕಹಿ ಅದರ ಬೀಜದಲ್ಲಿ ಅಡಗಿ ಮುಂದಿನ ವರ್ಷದ ಬಳ್ಳಿಯಲ್ಲಿ ಹೊರಬೀಳಬಹುದು. ಅಲಂಕಾರಕ್ಕೆ ಬೆಳೆಸುವ ಬಣ್ಣಬಣ್ಣದ ಪುಟ್ಟ ಕುಂಬಳಗಳಿಂದ ಜುಕಿನಿಗೂ ಇದೇ ಅಪಾಯ. ಕುಂಬಳಕ್ಕೂ ಸೋರೆಗೂ ಪರಸ್ಪರ ಬೆರಕೆಯಾಗದು. ಆ ಭಯ ಬೇಡ.

ಇದು ಕೇವಲ ಊಹೆಯ ಮಾತಲ್ಲ. 2015ರಲ್ಲಿ ಜರ್ಮನಿಯ ಹೈಡನ್‌ಹೈಮ್‌ನಲ್ಲಿ ನೆರೆಮನೆಯ ತೋಟದ ಕಹಿ ಜುಕಿನಿಯನ್ನು ಬೇಯಿಸಿ ಉಂಡ ವೃದ್ಧರೊಬ್ಬರು ತೀರಿಕೊಂಡರು. ನಮ್ಮ ದೇಶದಲ್ಲಿಯೂ ಕಹಿ ಸೋರೆಯ ರಸ ಕುಡಿದು ಪ್ರಾಣ ಕಳೆದುಕೊಂಡವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯು ಇದನ್ನು ಪರಿಶೀಲಿಸಿ, ರಸ ತೆಗೆಯುವ ಮೊದಲು ಸಣ್ಣ ಚೂರನ್ನು ರುಚಿ ನೋಡಬೇಕು, ಕಹಿಯಿದ್ದರೆ ಇಡೀ ಕಾಯಿಯನ್ನು ಎಸೆಯಬೇಕು ಎಂದು ತಿಳಿಸಿದೆ. ಬೇಯಿಸಿದರೆ ಈ ವಿಷ ಹೋಗುವುದಿಲ್ಲ. ಉಪ್ಪು, ಬೆಲ್ಲ, ಹುಣಿಸೆಹುಳಿಗಳು ಕಹಿಯನ್ನು ಮರೆಮಾಚುತ್ತವೆಯೇ ಹೊರತು ಕಳೆಯಲಾರವು. ಕಹಿಯೆಲ್ಲ ಔಷಧವೆಂಬ ನಂಬಿಕೆಯಿಂದ, ವಿಶೇಷವಾಗಿ ಮಧುಮೇಹಿಗಳು, ಕಣ್ಣುಮುಚ್ಚಿ ಕುಡಿಯುವುದನ್ನು ನಾವು ಕಂಡಿದ್ದೇವೆ. ಹಾಗಲದ ಕಹಿ ಅದರ ಸಹಜಗುಣ, ಸೋರೆ ಕುಂಬಳಗಳ ಕಹಿ ಅಪಾಯದ ಸೂಚನೆ.

ಆದ್ದರಿಂದ ಉಳಿಸಿದ ಬೀಜದಿಂದಾಗಲಿ ತಿಪ್ಪೆಯಲ್ಲಿ ತಾನಾಗಿಯಾಗಲಿ ಬೆಳೆದ ಪ್ರತಿಯೊಂದು ಬಳ್ಳಿಯ ಮೊದಲ ಕಾಯಿಯನ್ನು ಕೊಯ್ದಾಗ ಹಸಿ ಚೂರೊಂದನ್ನು ನಾಲಗೆಯ ತುದಿಗಿಟ್ಟು ನೋಡಿ ಉಗುಳಬೇಕು. ಕಹಿಯೆನಿಸಿದರೆ ಆ ಬಳ್ಳಿಯನ್ನೇ ಬೇರುಸಹಿತ ಕಿತ್ತುಹಾಕುವುದು ಲೇಸು, ದನಕರುಗಳಿಗೂ ಹಾಕಬಾರದು. ನೀರಿನ ಕೊರತೆಯಿಂದಲೂ ಕೆಲವೊಮ್ಮೆ ಕಹಿ ಹೆಚ್ಚುವುದರಿಂದ ಮುಂದಿನ ಕಾಯಿಗಳನ್ನೂ ಹೆಚ್ಚುವಾಗ ರುಚಿ ನೋಡುವ ಅಭ್ಯಾಸವಿರಲಿ. ದಾಸೋಹಕ್ಕೆ ಕಾಯಿಪಲ್ಲೆ ಅರ್ಪಿಸುವ ಭಕ್ತರು ಮನೆಯಲ್ಲಿಯೇ ಈ ಪರೀಕ್ಷೆ ಮಾಡಿ ತರಬೇಕೆಂದು ಕೋರುತ್ತೇವೆ. ದೊಡ್ಡ ಹಂಡೆಯ ಸಾರಿನಲ್ಲಿ ಒಂದು ಕಹಿಕಾಯಿ ಬೆರೆತರೆ ಹುಡುಕುವುದು ಹೇಗೆ?

ತಳಿ ಕೆಡದಂತೆ ಬೀಜ ಉಳಿಸಬೇಕೆನ್ನುವವರು ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್‌ನಂತಹ, ಹೈಬ್ರಿಡ್ ಅಲ್ಲದ ಕುಂಬಳದಿಂದ ಆರಂಭಿಸಬಹುದು. ನಾಳೆ ಅರಳಲಿರುವ ಹೆಣ್ಣುಮೊಗ್ಗಿಗೂ ಗಂಡುಮೊಗ್ಗಿಗೂ ಸಂಜೆಯೇ ದಾರ ಸುತ್ತಿ, ಬೆಳಗ್ಗೆ ಬಿಚ್ಚಿ, ಗಂಡುಹೂವಿನ ಪರಾಗವನ್ನು ಹೆಣ್ಣುಹೂವಿಗೆ ತಾಕಿಸಿ, ಮತ್ತೆ ಹೆಣ್ಣುಹೂವನ್ನು ಕಟ್ಟಬೇಕು. ಆ ಕಾಯಿಗೆ ಗುರುತು ಮಾಡಿ, ಬಳ್ಳಿಯಲ್ಲಿಯೇ ಪೂರ್ಣ ಬಲಿಯಲು ಬಿಡಬೇಕು.

ಕಹಿ ಸೋರೆಯನ್ನೋ ಕುಂಬಳವನ್ನೋ ತಿಂದ ಮೇಲೆ ವಾಂತಿ, ಭೇದಿ, ಹೊಟ್ಟೆನೋವು ತೋರಿದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ರಕ್ತವಾಂತಿಯಾಗುವುದೂ ರಕ್ತದೊತ್ತಡ ಕುಸಿಯುವುದೂ ಉಂಟು. ಇದಕ್ಕೆ ಪ್ರತ್ಯೇಕವಾದ ಪ್ರತಿವಿಷವಿಲ್ಲ. ಉಳಿದ ಕಾಯಿಯ ಚೂರನ್ನು ಜೊತೆಗೆ ಒಯ್ದು ವೈದ್ಯರಿಗೆ ತೋರಿಸಿದರೆ ಕಾರಣ ಬೇಗ ತಿಳಿಯುತ್ತದೆ.